ಐದು ನಿಮಿಷ ಬಿಡುವು ಕೊಡಿ, ಗಡಿಯಾರ ನೋಡಿಯೇ ಕೊಡಿ



ಈ ಮನವಿ ಎರಡು ಬಗೆಯವರಿಗೆ. ಕುರ್ಚಿ ಬಿಟ್ಟು ಏಳಲು ಯಾರ ಅಪ್ಪಣೆಯೂ ಬೇಕಿಲ್ಲದಿದ್ದರೂ ಏಳದೇ ಕೂತಿರುವವರಿಗೆ; ಇನ್ನೊಬ್ಬರು ಏಳಬಹುದೋ ಕೂರಬಹುದೋ ಎಂದು ತೀರ್ಮಾನಿಸುವ ಜಾಗದಲ್ಲಿರುವವರಿಗೆ. ಕೇಳುತ್ತಿರುವುದು ಇಷ್ಟೇ: ಕೆಲಸದ ನಡುವೆ ಐದೈದು ನಿಮಿಷದ ಬಿಡುವನ್ನು ಮೊದಲೇ ಗೊತ್ತುಮಾಡಿ ಇಡಿ. ಸುಸ್ತಾದಾಗ ನೋಡಿಕೊಂಡರಾಯಿತು ಎಂದು ಬಿಡಬೇಡಿ.

ಸುಸ್ತಾದದ್ದು ನಮಗೆ ಯಾವಾಗಲೂ ತಡವಾಗಿಯೇ ಗೊತ್ತಾಗುವುದು. ಅಷ್ಟರಲ್ಲಿ ಒಂದೇ ಸಾಲನ್ನು ಮೂರು ಸಲ ಓದಿ ಆಗಿರುತ್ತದೆ. ಎಕ್ಸೆಲ್ ಹಾಳೆಯಲ್ಲಿ 15,600 ಇರಬೇಕಾದಲ್ಲಿ 16,500 ಬಂದು ಕೂತಿರುತ್ತದೆ. ಸಂಜೆ ಲೆಕ್ಕ ತಾಳೆಯಾಗದೆ ಅದನ್ನು ಹುಡುಕುವುದಕ್ಕೇ ಒಂದು ಗಂಟೆ ಹೋಗುತ್ತದೆ. ಅಂಥ ಹೊತ್ತಿನಲ್ಲಿ ತೆಗೆದುಕೊಳ್ಳುವ ಬಿಡುವು ಬಿಡುವೂ ಅಲ್ಲ. ಫೋನು ಕೈಗೆ ಬರುತ್ತದೆ, ಒಂದು ರೀಲ್ಸ್ ಇಪ್ಪತ್ತಾಗುತ್ತದೆ, ಕಣ್ಣಿಗೆ ದೊಡ್ಡ ಪರದೆಯಿಂದ ಚಿಕ್ಕ ಪರದೆಗೆ ವರ್ಗವಾದಂತೆ, ಅಷ್ಟೇ.

1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿ, ಓದಲು ಮನಸ್ಸು ನಿಲ್ಲದೆ, ಅಡುಗೆಮನೆಯ ಟೈಮರ್ ಒಂದನ್ನು ತಂದು ಮೇಜಿನ ಮೇಲಿಟ್ಟುಕೊಂಡ. ಅದು ಟೊಮೆಟೊ ಆಕಾರದ್ದು. 25 ನಿಮಿಷ ಓದು, ಗಂಟೆ ಹೊಡೆದರೆ 5 ನಿಮಿಷ ಬಿಡುವು. ಇಂಥ ನಾಲ್ಕು ಸುತ್ತಾದ ಮೇಲೆ 15ರಿಂದ 30 ನಿಮಿಷದ ದೊಡ್ಡ ಬಿಡುವು. ಪೊಮೊಡೊರೊ ಎಂಬ ಹೆಸರಿನಲ್ಲಿ ಈಗ ಲೋಕವೆಲ್ಲ ಬಲ್ಲ ಪದ್ಧತಿ ಇದೇ. 25 ಎಂಬ ಅಂಕಿಗೆ ಮಡಿ ಮೈಲಿಗೆಯೇನೂ ಇಲ್ಲ. ಕೋಡ್ ಬರೆಯುವವರಿಗೆ 50 ನಿಮಿಷವೇ ಹಿಡಿಸಬಹುದು. ನಿಲ್ಲಿಸುವುದು ಯಾವಾಗ ಎಂದು ಹೇಳುವ ಕೆಲಸ ಗಂಟೆಯದಾಗಿರಲಿ, ನಮ್ಮದಲ್ಲ. ಗಂಟೆ ಹೊಡೆದರೆ ಎದ್ದುಬಿಡಿ. ನೀರು ಕುಡಿಯಿರಿ, ಕಿಟಕಿಯ ಹೊರಗೆ ದೂರದ ಮರವನ್ನೋ ಎದುರು ಕಟ್ಟಡದ ನೀರಿನ ಟ್ಯಾಂಕನ್ನೋ ನೋಡಿ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ. ಅದಕ್ಕೇ ಕಣ್ಣಿನ ವೈದ್ಯರು 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ ಎನ್ನುತ್ತಾರೆ.

ನಮ್ಮ ಆಫೀಸುಗಳಲ್ಲಿ ಬಿಡುವೇ ಇಲ್ಲ ಎಂದೇನೂ ಅಲ್ಲ. ಸಿಗರೇಟು ಸೇದುವವರಿಗೆ ದಿನಕ್ಕೆ ನಾಲ್ಕು ಸಲ ಸಿಗುತ್ತದೆ, ಯಾರೂ ಕೇಳುವುದಿಲ್ಲ. ಸೇದದವರು ಸುಮ್ಮನೆ ಎದ್ದು ನಿಂತರೆ 'ಏನ್ರೀ, ಕೆಲಸ ಇಲ್ವಾ?' ಎಂಬ ಮಾತು ಬರುತ್ತದೆ.

ಈಗ ಮೇಲಿನವರಿಗೆ, ಅಂದರೆ ಮಾಲೀಕರು, ಮ್ಯಾನೇಜರುಗಳು, ಲೈನ್ ಸೂಪರ್‌ವೈಸರುಗಳಿಗೆ. ಬಿಡುವು ಕೊಟ್ಟರೆ ಪ್ರೊಡಕ್ಷನ್ ಬೀಳುತ್ತದೆ ಎಂಬ ಭಯ ನಿಮ್ಮದಾಗಿದ್ದರೆ ಫ್ರೆಡ್ರಿಕ್ ಟೇಲರ್‌ನನ್ನು ನೆನೆಯಿರಿ. ಸ್ಟಾಪ್‌ವಾಚ್ ಹಿಡಿದು ಕೂಲಿಯವರ ಒಂದೊಂದು ಸೆಕೆಂಡನ್ನೂ ಲೆಕ್ಕ ಹಾಕಿದ ಮನುಷ್ಯ ಆತ. ಕಾರ್ಮಿಕರ ಮೇಲೆ ಅವನಿಗೆ ವಿಶೇಷ ಕನಿಕರವಿತ್ತೆಂದು ಯಾರೂ ಹೇಳಲಾರರು. ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಾರ್ಖಾನೆಯಲ್ಲಿ ಒಂದೊಂದೂ 92 ಪೌಂಡ್, ಅಂದರೆ ಸುಮಾರು 42 ಕಿಲೋ ತೂಗುವ ಕಬ್ಬಿಣದ ಗಟ್ಟಿಗಳನ್ನು ಹೊರುವ ಕೆಲಸ. ಇಂತಿಷ್ಟು ಹೊತ್ತಿಗೆ ಹೊರು, ಇಂತಿಷ್ಟು ಹೊತ್ತಿಗೆ ಕೂರು ಎಂದು ಹೇಳಿ ಮಾಡಿಸಿದಾಗ ಒಬ್ಬನೇ ಆಳು ದಿನಕ್ಕೆ ಹನ್ನೆರಡೂವರೆ ಟನ್ನಿನ ಬದಲು 47 ಟನ್ ಹೊತ್ತನೆಂದು ಟೇಲರ್ 1911ರ ತನ್ನ ಪುಸ್ತಕದಲ್ಲಿ ಬರೆದ. ಆ 47ರ ಬಗ್ಗೆ ಇತಿಹಾಸಕಾರರ ತಕರಾರಿದೆ, ನನಗೂ ಅದು ಉತ್ಪ್ರೇಕ್ಷೆ ಅನಿಸುತ್ತದೆ. ಆದರೆ ಅದೇ ಪುಸ್ತಕದ ಇನ್ನೊಂದು ಲೆಕ್ಕ ನೋಡಿ: ಅಷ್ಟು ಭಾರ ಹೊರುವವನು ದಿನದ 57 ಪಾಲು ಬರಿಗೈಯಲ್ಲಿರಬೇಕು, 43 ಪಾಲು ಮಾತ್ರ ಹೊರಬೇಕು. ಬೆವರು ಹಿಂಡುವುದಕ್ಕೆಂದೇ ಹೊರಟವನೂ ಬಿಡುವನ್ನು ಲೆಕ್ಕದೊಳಗೆ ಸೇರಿಸಿಕೊಳ್ಳಬೇಕಾಯಿತು.

ನಮ್ಮಲ್ಲಿ ಕಾನೂನು ಇಲ್ಲದಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯೇ ಐದು ಗಂಟೆ ಸತತ ದುಡಿಸಿದ ಮೇಲೆ ಅರ್ಧ ಗಂಟೆ ವಿರಾಮ ಕೊಡಲೇಬೇಕೆಂದಿತ್ತು. ಆದರೆ ಅದು ಊಟದ ಮಾತಾಯಿತು. ಊಟಕ್ಕೆ ಮುಂಚಿನ ಆ ಗಂಟೆಗಳಲ್ಲಿ ಗಾರ್ಮೆಂಟ್ಸಿನ ಹೆಣ್ಣುಮಗಳೊಬ್ಬಳು ಹೇಗಿರುತ್ತಾಳೆ? ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಬೋರ್ಡಿನ ಮೇಲೆ ಎದುರಿಗೇ ಇದೆ. ತೋಳು ಹೊಲಿಯುವವಳು ಎದ್ದರೆ ಕಾಲರ್ ಕೂರಿಸುವವಳ ಮುಂದೆ ಬಟ್ಟೆ ಇಲ್ಲ, ಆ ಸಿಟ್ಟು ಇವಳ ಮೇಲೆ. ಬಾತ್‌ರೂಮಿಗೆ ಹೋಗಬೇಕಾದೀತೆಂದು ನೀರನ್ನೇ ಕಡಿಮೆ ಕುಡಿಯುವವರಿದ್ದಾರೆ. ಇಂಥಲ್ಲಿ 'ಬೇಕಾದಾಗ ಹೋಗಿ ಬನ್ನಿ, ಯಾರು ಬೇಡ ಅಂದರು?' ಎನ್ನುವುದು ಮಾತಿಗಷ್ಟೇ ಚೆಂದ. ಇಡೀ ಲೈನಿಗೆ ಒಟ್ಟಿಗೆ ಗಂಟೆ ಹೊಡೆದು ಐದು ನಿಮಿಷ ಮೆಷಿನ್ ನಿಲ್ಲಿಸಿದರೆ ಯಾರೂ ಯಾರಿಗೂ ಸಾಲ ಬೀಳುವುದಿಲ್ಲ. ಆ ಐದು ನಿಮಿಷವನ್ನು ಟಾರ್ಗೆಟ್ಟಿನಲ್ಲೇ ಕಳೆದುಬಿಡಿ; ಸಂಜೆ ವಸೂಲಿ ಮಾಡುವ ಬಿಡುವು ಬೇಡ.

ಬಟ್ಟೆ ಅಂಗಡಿಗಳವರಿಗೆ ಬೇರೆಯೇ ಹೇಳಬೇಕು. ನಿಮ್ಮಲ್ಲಿ ಬಿಡುವೆಂದರೆ ಕೂರುವುದು. ವರಮಹಾಲಕ್ಷ್ಮಿ ಹಬ್ಬದ ವಾರ ಬೆಳಿಗ್ಗೆ ಹತ್ತಕ್ಕೆ ನಿಂತವರು ರಾತ್ರಿಯವರೆಗೂ ನಿಂತೇ ಸೀರೆ ಬಿಡಿಸಿ, ನಿಂತೇ ಮಡಚುತ್ತಾರೆ. ಕೆಲಸದ ವೇಳೆ ಕೂರಲು ಅನುಕೂಲ ಇರಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕಾಯ್ದೆಯನ್ನೇ ತಿದ್ದಿದವು. ಕೌಂಟರಿನ ಹಿಂದೆ ಒಂದು ಸ್ಟೂಲು ಹಾಕಲು ನೀವು ವಿಧಾನಸೌಧದ ಕಡೆ ನೋಡಬೇಕಿಲ್ಲ. ಇಬ್ಬರಿಗೊಂದು ಸ್ಟೂಲು, ಗಂಟೆಗೆ ಐದು ನಿಮಿಷ, ಸರದಿಯಂತೆ. ಮುಂದಿನ ಹಬ್ಬದ ವ್ಯಾಪಾರ ಶುರುವಾಗುವ ಮೊದಲೇ ಇದನ್ನು ಮಾಡಿ.

ಗಿರಾಕಿಗಳಲ್ಲೂ ಒಂದು ಕೋರಿಕೆ. ಕೂತಿದ್ದ ಹುಡುಗಿ ನಿಮ್ಮನ್ನು ಕಂಡ ಕೂಡಲೇ ಎದ್ದು ಬರಲಿಲ್ಲವೆಂದು ಕ್ಯಾಶಿನಲ್ಲಿರುವ ಯಜಮಾನರಿಗೆ ದೂರು ಹೇಳಬೇಡಿ. ಅವಳ ಐದು ನಿಮಿಷ ಮುಗಿಯುವವರೆಗೆ ನೀವೂ ಕೂತಿರಿ. ಗಿರಾಕಿಗಳಿಗೆಂದು ಕುರ್ಚಿ ಹೇಗೂ ಹಾಕಿರುತ್ತಾರೆ.