ಋಣದಲ್ಲಿರುವ ಶ್ರಾವಕನೂ ಬಸದಿಯ ಸವಾಲೂ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದ ದಿನಗಳಲ್ಲಿ ಅನೇಕ ಊರುಗಳ ಬಸದಿಗಳಲ್ಲಿ ಸವಾಲು ಕೂಗುವ ರೂಢಿಯುಂಟು. ಮೊದಲ ಕಲಶ ಯಾರದು, ಶಾಂತಿಧಾರೆ ಯಾರದು, ಮಂಗಳಾರತಿ ಯಾರದು ಎಂದು ಧ್ವನಿವರ್ಧಕದಲ್ಲಿ ಕೇಳುತ್ತಿರುವಂತೆಯೇ ಐದು ಸಾವಿರದಿಂದ ಹೊರಟ ಮೊತ್ತವು ಹನ್ನೊಂದು, ಇಪ್ಪತ್ತೊಂದು, ಮೂವತ್ತೊಂದು ಸಾವಿರವೆಂದು ಏರುತ್ತ ಹೋಗುತ್ತದೆ. ಕೊನೆಗೆ ಯಾರೋ ಒಬ್ಬರು ಐವತ್ತು ಸಾವಿರವೆನ್ನುತ್ತಾರೆ. ಜಯಘೋಷವಾಗುತ್ತದೆ. ಹೆಸರು ಪುಸ್ತಕಕ್ಕೆ ಸೇರುತ್ತದೆ.

ಹಾಗೆ ಕೂಗಿದವರು ಸಂಪನ್ನರಾಗಿದ್ದರೆ ಹೇಳುವುದೇನೂ ಇಲ್ಲ. ಆದರೆ ಅದೇ ಸಭೆಯಲ್ಲಿ, ಅದೇ ಕಂಬದ ಹಿಂದೆ, ಗಂಡನ ಮರಣಾನಂತರ ಕೈಗೆ ಬಂದ ಹಣದಲ್ಲಿ ಒಂದು ಲಕ್ಷವನ್ನು ಕಾಗದಪತ್ರವಿಲ್ಲದೆ ಅಣ್ಣನ ಮಗನ ಅಂಗಡಿಯಲ್ಲಿ ಇಟ್ಟಿರುವ ಸೋದರತ್ತೆಯೊಬ್ಬಳು ಕುಳಿತಿರುವುದೂ ಉಂಟು. ಐವತ್ತು ಸಾವಿರವೆಂದು ಕೂಗಿದವನು ಆ ಅಣ್ಣನ ಮಗನೇ ಆಗಿರುವುದೂ ಉಂಟು. ಆಕೆ ಕಳೆದ ಎರಡು ವರ್ಷಗಳಿಂದ ಹಣ ಕೇಳಿದಾಗಲೆಲ್ಲ “ವ್ಯಾಪಾರ ಇಲ್ಲ ಅತ್ತೆ, ದೀಪಾವಳಿ ಕಳೆಯಲಿ” ಎಂಬ ಉತ್ತರ ಕೇಳಿದವಳು. ಜಯಘೋಷದ ನಡುವೆ ಆಕೆಯ ಮನಸ್ಸಿನಲ್ಲಿ ಏನು ನಡೆಯಿತೆಂಬುದು ಪುಸ್ತಕದಲ್ಲಿ ದಾಖಲಾಗುವುದಿಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಸಮಾಜಕ್ಕೆ ಅದು ಹಿಂಸೆಯಾಗಿ ಕಾಣದಿರುವುದು ಆಶ್ಚರ್ಯ.

ಸಾಲದಲ್ಲಿರುವ ಗೃಹಸ್ಥನು ಸಾಲ ತೀರುವ ತನಕ ಸವಾಲಿನಲ್ಲಿ ಕೈ ಎತ್ತಬಾರದು. ಎತ್ತಿದರೆ ಅದನ್ನು ಟ್ರಸ್ಟು ಸ್ವೀಕರಿಸಬಾರದು. ಈ ಮಾತು ಕಠಿಣವಾಗಿ ಕೇಳಬಹುದು. ಆದರೆ ಮನೆಯೊಳಗಿನ ಮಿತವ್ಯಯದ ಬಗ್ಗೆ ಇಂದು ನಡೆಯುವ ಉಪದೇಶಗಳೆಲ್ಲ ಈ ಒಂದು ಮಾತನ್ನು ಬಿಟ್ಟು ನಡೆಯುವುದರಿಂದಲೇ ಅವು ಹೆಂಗಸರ ಮತ್ತು ಮಕ್ಕಳ ತಲೆಯ ಮೇಲೆ ಹೊರೆಯಾಗಿ ಬೀಳುತ್ತಿವೆ.

ಸಾಲಗಾರನ ಮನೆಯಲ್ಲಿ ಮಿತವ್ಯಯವು ಸಾಮಾನ್ಯವಾಗಿ ಎಲ್ಲಿ ಆರಂಭವಾಗುತ್ತದೆಂಬುದನ್ನು ಗಮನಿಸಬೇಕು. ಮೊದಲು ಹಾಲು ಅರ್ಧ ಲೀಟರು ಕಡಿಮೆಯಾಗುತ್ತದೆ. ಬಳಿಕ ಹಣ್ಣು ನಿಲ್ಲುತ್ತದೆ. ಮಗಳ ಸಂಗೀತ ಪಾಠ ನಿಲ್ಲುತ್ತದೆ. ಮುದುಕಿಯ ಮಂಡಿನೋವಿನ ಔಷಧ ಮುಂದಿನ ತಿಂಗಳಿಗೆ ಹೋಗುತ್ತದೆ. ಜೈನರ ಅಡಿಗೆಮನೆಯಾದರೋ ಮೊದಲೇ ಸಂಯಮದ ಮನೆ: ಕಂದಮೂಲವಿಲ್ಲ, ರಾತ್ರಿಯ ಊಟವಿಲ್ಲ, ಅಷ್ಟಮಿ ಚತುರ್ದಶಿಗಳಲ್ಲಿ ಹಸಿರು ತರಕಾರಿಯೂ ಇಲ್ಲ. ಅಲ್ಲಿಂದ ಇನ್ನೇನನ್ನು ಹಿಂಡಲು ಸಾಧ್ಯ? ಆದರೂ ಹಿಂಡುವುದು ಅಲ್ಲಿಂದಲೇ. ಹೊರಗೆ ಕಾಣುವ ಖರ್ಚು ಮಾತ್ರ ಒಂದು ರೂಪಾಯಿಯೂ ಇಳಿಯುವುದಿಲ್ಲ. ಮದುವೆಗಳ ಮುಯ್ಯಿ ಹಿಂದಿನಂತೆಯೇ, ಕಂತಿನ ಕಾರು ಹಿಂದಿನಂತೆಯೇ, ಮಗುವಿನ ಹುಟ್ಟುಹಬ್ಬಕ್ಕೆ ಬಾಡಿಗೆಯ ಸಭಾಂಗಣ ಹಿಂದಿನಂತೆಯೇ, ಸಮ್ಮೇದ ಶಿಖರಜಿಗೆ ಹೋಗುವುದು ವಿಮಾನದಲ್ಲಿಯೇ. ಇವೆಲ್ಲಕ್ಕೂ ಕಲಶವಿಟ್ಟಂತೆ ಬಸದಿಯ ಸವಾಲು. ಅಡಿಗೆಮನೆಯಲ್ಲಿ ಉಳಿಸಿ ಪಡಸಾಲೆಯಲ್ಲಿ ಚೆಲ್ಲುವುದಕ್ಕೆ ಮಿತವ್ಯಯವೆಂಬ ಹೆಸರು ಸಲ್ಲದು.

ಲೆಕ್ಕ ನೋಡಿದರೆ ವಿಷಯ ಸ್ಪಷ್ಟವಾದೀತು. ಲೆಕ್ಕಕ್ಕೆ ಹೆದರುವವರೇ ಸಾಲದಲ್ಲಿ ಹೆಚ್ಚು ಕಾಲ ಉಳಿಯುವವರು. ಒಬ್ಬ ಗೃಹಸ್ಥನಿಗೆ 3 ಲಕ್ಷ ರೂಪಾಯಿ ಸಾಲವಿದೆಯೆಂದೂ ಬಡ್ಡಿ ತಿಂಗಳಿಗೆ ನೂರಕ್ಕೆ 2 ರೂಪಾಯಿಯೆಂದೂ ಇಟ್ಟುಕೊಳ್ಳಬಹುದು. ಇದು ಉತ್ಪ್ರೇಕ್ಷೆಯ ದರವಲ್ಲ. ಕೈಸಾಲದ ಪೇಟೆಯಲ್ಲಿ ಇದು ಸಾಧಾರಣ ದರ, ಕ್ರೆಡಿಟ್ ಕಾರ್ಡಿನ ಬಾಕಿಯ ಮೇಲಾದರೋ ಅನೇಕ ಬ್ಯಾಂಕುಗಳು ಇದಕ್ಕಿಂತ ಹೆಚ್ಚನ್ನು ಹಾಕುತ್ತವೆ. ಮೊದಲ ತಿಂಗಳ ಬಡ್ಡಿಯೇ 6,000 ರೂಪಾಯಿ. ಅವನು ತಿಂಗಳಿಗೆ 6,000 ಮಾತ್ರ ಕಟ್ಟುತ್ತಿದ್ದರೆ ಅಸಲಿನಲ್ಲಿ ಒಂದು ಕಾಸೂ ಕರಗದು, ಮೊಮ್ಮಕ್ಕಳ ಕಾಲಕ್ಕೂ ಸಾಲ ಹಾಗೆಯೇ ನಿಂತಿರುತ್ತದೆ. 8,000 ಕಟ್ಟಿದರೆ ಸುಮಾರು 70 ತಿಂಗಳಲ್ಲಿ ತೀರುತ್ತದೆ, ಒಟ್ಟು ತೆತ್ತ ಹಣ 5 ಲಕ್ಷ 60 ಸಾವಿರ. 12,000 ಕಟ್ಟಿದರೆ 35 ತಿಂಗಳಲ್ಲಿಯೇ ತೀರುತ್ತದೆ, ಒಟ್ಟು 4 ಲಕ್ಷ 20 ಸಾವಿರ. ತಿಂಗಳಿಗೆ ನಾಲ್ಕು ಸಾವಿರದ ಉಳಿತಾಯವು ಋಣದ ಆಯುಷ್ಯವನ್ನು ಅರ್ಧಕ್ಕೆ ಇಳಿಸುತ್ತದೆ ಮತ್ತು 1 ಲಕ್ಷ 40 ಸಾವಿರ ರೂಪಾಯಿಯನ್ನು ಮನೆಯಲ್ಲಿಯೇ ಉಳಿಸುತ್ತದೆ. ಮಿತವ್ಯಯದ ಶಕ್ತಿಯೆಂದರೆ ಇದು.

ಇನ್ನು ಸವಾಲಿನ ಲೆಕ್ಕ. 8,000 ಕಟ್ಟುತ್ತಿರುವ ಆ ಗೃಹಸ್ಥನೇ ಪರ್ವದ ಆವೇಶದಲ್ಲಿ 50,000 ಕೂಗಿ, ಅದನ್ನು ಅದೇ ಬಡ್ಡಿಗೆ ತಂದು ತೆತ್ತನೆಂದರೆ ಸಾಲವು ಮೂರೂವರೆ ಲಕ್ಷವಾಗುತ್ತದೆ. ತಿಂಗಳ ಬಡ್ಡಿ 7,000. ಅಸಲಿಗೆ ಉಳಿಯುವುದು ಒಂದೇ ಸಾವಿರ. 70 ತಿಂಗಳಲ್ಲಿ ತೀರಬೇಕಾಗಿದ್ದ ಋಣ ಈಗ 105 ತಿಂಗಳಿಗೆ ಹೋಗುತ್ತದೆ. ತೆರುವ ಒಟ್ಟು ಹಣ 8 ಲಕ್ಷ 40 ಸಾವಿರ. ಬಸದಿಗೆ ಸೇರಿದ್ದು ಐವತ್ತು ಸಾವಿರ. ಮನೆಯಿಂದ ಹೋದದ್ದು ಎರಡು ಲಕ್ಷ ಎಂಬತ್ತು ಸಾವಿರ. ಉಳಿದ ಎರಡು ಲಕ್ಷ ಮೂವತ್ತು ಸಾವಿರ ಯಾವ ತೀರ್ಥಂಕರರ ಪಾದಕ್ಕೂ ಸಲ್ಲಲಿಲ್ಲ, ಬಡ್ಡಿಯವನಿಗೆ ಸಂದಿತು.

ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದಲ್ಲ ಎನ್ನುವ ಜಾಣರೂ ಇದ್ದಾರೆ. ಆದಾಯ ತೆರಿಗೆ ಕಾನೂನಿನಡಿ ಇಂಥ ದಾನದ ಅರ್ಧ ಭಾಗ ಮಾತ್ರ ಆದಾಯದಿಂದ ಕಳೆಯಲ್ಪಡುತ್ತದೆ. ಅದೂ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ, ಅದೂ 2,000 ರೂಪಾಯಿ ಮೀರಿದ್ದನ್ನು ನಗದಾಗಿ ಕೊಡದಿದ್ದರೆ. ಶೇಕಡಾ 20ರ ಹಂತದಲ್ಲಿರುವವನಿಗೆ 50,000ದ ದಾನದಿಂದ ಉಳಿಯುವ ತೆರಿಗೆ ಸುಮಾರು 5,000. ಅದೇ ಹಣದ ಮೇಲೆ ಒಂದು ವರ್ಷದ ಬಡ್ಡಿ 12,000. ಜಾಣತನ ಇಲ್ಲಿಗೆ ಮುಗಿಯಿತು.

ಲೆಕ್ಕದ ಮಾತು ಹಾಗಿರಲಿ, ಶಾಸ್ತ್ರದ ಮಾತು ಇನ್ನೂ ನಿಷ್ಠುರವಾಗಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆಚಾರ್ಯರು ದಾನವನ್ನು ವಿವರಿಸುವಾಗ, ಅನುಗ್ರಹಕ್ಕಾಗಿ ತೊರೆಯುವ ವಸ್ತು ‘ಸ್ವ’ ಆಗಿರಬೇಕೆಂದು, ಎಂದರೆ ತನ್ನದಾಗಿರಬೇಕೆಂದು, ಹೇಳಿದ್ದಾರೆ. ಸಾಲವಾಗಿ ತಂದ ಹಣ ಕಾನೂನಿನ ದೃಷ್ಟಿಯಲ್ಲಿ ತಂದವನದೇ ಎಂದು ವಾದಿಸುವವರು ಕಿರ್ದಿ ಬರೆದವರಲ್ಲ. ಜಮೆಯ ಕಡೆ ಎಷ್ಟು ಬರೆದಿದೆಯೋ ಅಷ್ಟೇ ಎದುರು ಬದಿಯಲ್ಲಿ ಧಣಿಯ ಹೆಸರಿನಲ್ಲಿಯೂ ಬರೆದಿರುತ್ತದೆ. ಎರಡನ್ನೂ ಕಳೆದು ಉಳಿದದ್ದಕ್ಕೆ ಮಾತ್ರ ‘ಸ್ವ’ ಎಂಬ ಹೆಸರು. ಅದೇ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಎಣಿಸಿದೆ. ನಂಬಿ ಇಟ್ಟವನು ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎನ್ನುವುದೂ ದೋಷವೆಂದು ಪೂಜ್ಯಪಾದರ ಸರ್ವಾರ್ಥಸಿದ್ಧಿ ವಿವರಿಸುತ್ತದೆ. ಮರೆತವನ ವಿಷಯದಲ್ಲಿಯೇ ಇಷ್ಟು ಸೂಕ್ಷ್ಮವಾದ ವಿಚಾರವಿದ್ದ ಮೇಲೆ, ಮರೆಯದೆ ಪ್ರತಿ ತಿಂಗಳೂ ಕೇಳುತ್ತಿರುವ ಸೋದರತ್ತೆಯ ವಿಷಯದಲ್ಲಿ ಏನು ಹೇಳಬೇಕು? ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿಯ ದಿನ ಆಕೆಯ ಮನೆಗೂ ಒಂದು ಅಚ್ಚುಮಾಡಿಸಿದ ಕ್ಷಮಾಪತ್ರ ಹೋಗುತ್ತದೆ. ಅಸಲು ಹೋಗುವುದಿಲ್ಲ.

ದಶಧರ್ಮಗಳ ಕ್ರಮವನ್ನಾದರೂ ನೋಡಬಹುದು. ತ್ಯಾಗದ ದಿನ ಎಂಟನೆಯದು. ಅದಕ್ಕೂ ಮೊದಲೇ ಆರ್ಜವ, ಶೌಚ, ಸತ್ಯ, ಸಂಯಮಗಳ ದಿನಗಳು ಕಳೆದಿರುತ್ತವೆ. ಅವನ್ನು ದಾಟದೆ ನೇರವಾಗಿ ಎಂಟನೆಯ ದಿನಕ್ಕೆ ನೆಗೆಯುವ ದಾರಿಯನ್ನು ಸವಾಲು ಕಲಿಸಿಕೊಟ್ಟಿದೆ.

“ಸಮಾಜದಲ್ಲಿ ಮಾನ ಉಳಿಯಬೇಕಲ್ಲ, ನಾಳೆ ಮಗಳಿಗೆ ಸಂಬಂಧ ಬರಬೇಕಲ್ಲ” ಎಂಬುದು ಎಲ್ಲ ವಾದಗಳಿಗೂ ಹಿಂದಿರುವ ವಾದ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಸವಾಲಿನಲ್ಲಿ ಮೂರು ವರ್ಷ ಸುಮ್ಮನೆ ಕುಳಿತ ಮನೆಯ ಬಗ್ಗೆ ಪಿಸುಮಾತು ಹುಟ್ಟುವುದು ನಿಜ. ಆ ಪಿಸುಮಾತಿಗೆ ಅಂಜಿ ಬಡ್ಡಿಗೆ ಹಣ ತಂದವರು ನಿರ್ಲಜ್ಜರೂ ಅಲ್ಲ, ಮೋಸಗಾರರೂ ಅಲ್ಲ. ಆದರೆ ಶಾಸ್ತ್ರವು ಮಾನವನ್ನು ಕ್ರೋಧ, ಮಾಯೆ, ಲೋಭಗಳ ಸಾಲಿನಲ್ಲಿ ಕಷಾಯವೆಂದು ಎಣಿಸಿದೆ. ಆ ಕಷಾಯವನ್ನು ಗೃಹಸ್ಥನಲ್ಲಿ ಕೆರಳಿಸಿ ನಿಧಿ ಕೂಡಿಸುವುದು ಧರ್ಮಸಂಸ್ಥೆಗೆ ತಕ್ಕುದೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಸಾಲಗಾರನಲ್ಲ, ಧ್ವನಿವರ್ಧಕ ಹಿಡಿದವನು.

ಸವಾಲಿಲ್ಲದಿದ್ದರೆ ಜೀರ್ಣೋದ್ಧಾರ ನಡೆಯುವುದು ಹೇಗೆ ಎಂದು ಟ್ರಸ್ಟಿನವರು ಕೇಳುತ್ತಾರೆ. ಮಳೆನಾಡಿನ ಬಸದಿಗಳ ಮಾಡು ಸೋರುತ್ತಿರುವುದು, ಅರ್ಚಕರ ಸಂಬಳ ಹಿಂದೆ ಬಿದ್ದಿರುವುದು ಸುಳ್ಳಲ್ಲ. ಆದರೆ ಈ ನಾಡಿನ ಶಾಸನಗಳನ್ನು ಓದಿದವರಿಗೆ ಬೇರೊಂದು ದಾರಿಯೂ ಕಾಣುತ್ತದೆ. ಅಯ್ಯಾವೊಳೆಯ ಐನೂರ್ವರಂಥ ವಣಿಕ ಸಂಘಗಳು ದೇವಾಲಯಗಳಿಗೂ ಬಸದಿಗಳಿಗೂ ದತ್ತಿ ಬಿಡುವಾಗ, ಗಾಣವೊಂದಕ್ಕೆ ಇಷ್ಟು ಎಣ್ಣೆ, ಸರಕಿನ ಹೇರೊಂದಕ್ಕೆ ಇಷ್ಟು ಹಣ ಎಂದು ಗೊತ್ತುಮಾಡಿ ಕಲ್ಲಿನಲ್ಲಿ ಬರೆಯಿಸುತ್ತಿದ್ದವು. ಗಾಣ ತಿರುಗಿದರೆ ಎಣ್ಣೆ, ತಿರುಗದಿದ್ದರೆ ಇಲ್ಲ. ಸರಕು ಬಂದರೆ ಸುಂಕ, ಬಾರದಿದ್ದರೆ ಇಲ್ಲ. ಆದಾಯವಾದ ಮೇಲೆ, ಆದಾಯದಷ್ಟಕ್ಕೆ ತಕ್ಕಂತೆ, ಸಣ್ಣದಾಗಿ, ನಿರಂತರವಾಗಿ ಸಲ್ಲುತ್ತಿದ್ದ ಆ ದಾನದಲ್ಲಿ ಯಾರೂ ಯಾರನ್ನೂ ಮೀರಿಸಬೇಕಾಗಿರಲಿಲ್ಲ.

ಮನೆಯ ಮಾತಿಗೆ ಬಂದರೆ, ಮಿತವ್ಯಯಕ್ಕೆ ಹೊಸ ಪುಸ್ತಕಗಳ ಅಗತ್ಯವಿಲ್ಲ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಎರಡು ಬಗೆಯಾಗಿ ಹೇಳಿದ್ದಾರೆ: ಜೀವನಪರ್ಯಂತ ತೊರೆಯುವುದು ಯಮ, ಕಾಲಮಿತಿಯಿಟ್ಟು ತೊರೆಯುವುದು ನಿಯಮ. ದಿನ, ಪಕ್ಷ, ಮಾಸ, ಋತು, ಅಯನ ಎಂದು ಕಾಲವನ್ನೂ, ಭೋಜನ, ವಾಹನ, ವಸ್ತ್ರ, ಆಭರಣ, ತಾಂಬೂಲ ಎಂದು ವಸ್ತುಗಳನ್ನೂ ಅವರೇ ಎಣಿಸಿಕೊಟ್ಟಿದ್ದಾರೆ. ಸಾಲಗಾರನ ಮನೆಗೆ ಇದಕ್ಕಿಂತ ಒಪ್ಪುವ ಪದ್ಧತಿ ಬೇರೊಂದಿಲ್ಲ. ಮೂವತ್ತೈದು ತಿಂಗಳ ನಿಯಮವನ್ನು ಮನೆಯವರೆಲ್ಲರೂ ಕೂಡಿ ಸ್ವೀಕರಿಸಬೇಕು. ಯಜಮಾನನು ವಿಧಿಸಿ ಹೆಂಡತಿ ಪಾಲಿಸುವುದಲ್ಲ. ಸಾಲ ಎಷ್ಟೆಂಬುದು ಹೆಂಡತಿಗೂ ಬೆಳೆದ ಮಕ್ಕಳಿಗೂ ಅಸಲು ಬಡ್ಡಿ ಸಹಿತ ಗೊತ್ತಿರಬೇಕು. ಎಷ್ಟೋ ಮನೆಗಳಲ್ಲಿ ಗೊತ್ತಿರುವುದಿಲ್ಲ. ಗೊತ್ತಿಲ್ಲದವರು ಉಳಿಸುವುದಾದರೂ ಏತಕ್ಕೆ?

ತೊರೆಯುವುದು ಪಡಸಾಲೆಯಿಂದ ಆರಂಭವಾಗಲಿ. ಕಾರನ್ನು ಮಾರಿದರೆ ಕಂತು, ವಿಮೆ, ಪೆಟ್ರೋಲು ಮೂರೂ ಒಟ್ಟಿಗೆ ನಿಲ್ಲುತ್ತವೆ. ಮುಯ್ಯಿಗೆ ಒಂದು ಮಿತಿಯಿರಲಿ, ಆ ಮಿತಿಯನ್ನು ನೆಂಟರಿಗೆ ಮುಂಚಿತವಾಗಿಯೇ ತಿಳಿಸಲಿ. ಉದ್ದರಿಯ ಅಂಗಡಿ ಬಿಟ್ಟು ನಗದಿಗೆ ಸಾಮಾನು ತಂದರೆ ಅಗತ್ಯವಿಲ್ಲದ್ದು ತಾನಾಗಿಯೇ ಚೀಟಿಯಿಂದ ಬಿದ್ದುಹೋಗುತ್ತದೆ. ದಿನದ ಖರ್ಚು ಆಯಾ ರಾತ್ರಿಯೇ ಕಿರ್ದಿಗೆ ಏರಲಿ. ಬ್ಯಾಂಕಿನ ಲಾಕರಿನಲ್ಲಿ ಬಂಗಾರವಿಟ್ಟುಕೊಂಡು ಎರಡು ರೂಪಾಯಿ ಬಡ್ಡಿ ತೆರುವ ಮನೆಗಳಿವೆ. ಅಂಥ ಮನೆಯವರು ಒಂದಿಷ್ಟನ್ನು ಮಾರುವುದು, ಮಾರಲು ಮನಸ್ಸು ಒಪ್ಪದಿದ್ದರೆ ಬ್ಯಾಂಕಿನಲ್ಲಿ ಅಡವಿಟ್ಟು ಕಡಿಮೆ ಬಡ್ಡಿಯ ಹಣದಿಂದ ಹೆಚ್ಚು ಬಡ್ಡಿಯದನ್ನು ತೀರಿಸುವುದು, ಪಡಸಾಲೆಯ ಯಾವ ಉಳಿತಾಯಕ್ಕಿಂತಲೂ ಬೇಗ ಫಲ ಕೊಡುತ್ತದೆ. ಆದರೆ ಆ ಬಂಗಾರ ಹೆಂಡತಿಯ ಸ್ತ್ರೀಧನವಾಗಿದ್ದರೆ ತೀರ್ಮಾನ ಆಕೆಯದು. ಹಾಲು, ಹಣ್ಣು, ಔಷಧ, ಶಾಲೆಯ ಶುಲ್ಕ ಇವು ಕೊನೆಯವು. ಅವುಗಳಿಗೆ ಕೈಹಾಕುವ ಪ್ರಸಂಗವೇ ಬರದಿರುವಂತೆ ಉಳಿದವು ಮೊದಲು ಹೋಗಬೇಕು.

ಇದರಿಂದ ಸಾಲಗಾರನು ಧರ್ಮದಿಂದ ಹೊರಗುಳಿದಂತಾಗುವುದಿಲ್ಲ. ಶ್ರಾವಕನ ಷಟ್ಕರ್ಮಗಳಲ್ಲಿ ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪ ಇವೈದಕ್ಕೂ ದುಡ್ಡು ಬೇಕಿಲ್ಲ. ಆರನೆಯದಾದ ದಾನಕ್ಕೂ ಅವನ ಪಾಲಿನ ಅನ್ನದಲ್ಲಿ ಒಂದು ತುತ್ತು ಸಾಕು. ಬಸದಿಯ ಅಂಗಳ ಗುಡಿಸಿದರೆ, ಪಾಠಶಾಲೆಯ ಮಕ್ಕಳಿಗೆ ಒಂದು ಗಂಟೆ ಹೇಳಿಕೊಟ್ಟರೆ ಅದೂ ದಾನವೇ. ಅದನ್ನು ಕೂಗಿ ಹೇಳುವ ಪದ್ಧತಿ ಇಲ್ಲದಿರುವುದು ಅದರ ಭಾಗ್ಯ.

ಟ್ರಸ್ಟುಗಳು ಮುಂದಿನ ಭಾದ್ರಪದದೊಳಗೆ ಮಾಡಬಹುದಾದ ಕೆಲಸ ದೊಡ್ಡದೇನೂ ಅಲ್ಲ. ಕಲಶಗಳನ್ನು ಚೀಟಿ ಎತ್ತಿ ಹಂಚಬಹುದು, ಕಾಣಿಕೆಯನ್ನು ಮೊತ್ತ ಓದದೆ ಮುಚ್ಚಿದ ಲಕೋಟೆಯಲ್ಲಿ ಪಡೆಯಬಹುದು. ಸವಾಲನ್ನು ಬಿಡಲಾರದವರು ಕೂಗಿದ ಹಣವನ್ನು ಅದೇ ದಿನ ಸಲ್ಲಿಸಬೇಕೆಂಬ ನಿಯಮವನ್ನಾದರೂ ತರಬಹುದು. ಸಾಲ ತಂದು ಕೊಡುವ ಅರ್ಧದಷ್ಟು ಆಟ ಅಲ್ಲಿಗೇ ನಿಲ್ಲುತ್ತದೆ. ಎಲ್ಲಕ್ಕಿಂತ ಮೊದಲು, ಪ್ರತಿ ಟ್ರಸ್ಟಿನ ಖಾತೆಯಲ್ಲಿಯೂ ‘ಸವಾಲಿನ ಬರತಕ್ಕ ಬಾಕಿ’ ಎಂಬ ಪುಟವೊಂದಿದೆ. ಕೆಲವು ಕಡೆ ಆ ಪುಟದ ಹೆಸರುಗಳನ್ನು ವಾರ್ಷಿಕ ಸಭೆಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಅಧ್ಯಕ್ಷರೂ ಕಾರ್ಯದರ್ಶಿಯೂ ಆ ಪುಟವನ್ನು ಹಿಡಿದು ಒಂದೊಂದೇ ಮನೆಗೆ ಸದ್ದಿಲ್ಲದೆ ಹೋಗಲಿ. ಸಾಲದಲ್ಲಿರುವವನ ಹೆಸರಿನ ಮುಂದಿರುವ ಬಾಕಿಯನ್ನು ಹೊಡೆದುಹಾಕಿ, ಆ ಹಣವನ್ನು ಮೊದಲು ಸೋದರತ್ತೆಗೆ ಸಲ್ಲಿಸುವಂತೆ ಅವನಿಗೆ ಹೇಳಿ ಬರಲಿ.