ಕಟ್ಟಡದ ನಿಧಿಯೂ ಬಡ ವಿದ್ಯಾರ್ಥಿಗಳ ನಿಧಿಯೂ

ಖಾಸಗಿ ವಿದ್ಯಾಸಂಸ್ಥೆಯೊಂದಕ್ಕೆ ಬೆಳ್ಳಿಹಬ್ಬವೋ ಸುವರ್ಣ ಮಹೋತ್ಸವವೋ ಸಮೀಪಿಸಿದೊಡನೆ ಧನಸಹಾಯವನ್ನು ಬೇಡಿ ಒಂದು ವಿನಂತಿಪತ್ರ ಹೊರಡುವುದು ನಮ್ಮ ಕಡೆ ವಾಡಿಕೆಯಾಗಿದೆ. ಅದರಲ್ಲಿ ಸಂಸ್ಥೆಯ ಮುಂದಿನ ಯೋಜನೆಗಳ ಪಟ್ಟಿ ಇರುತ್ತದೆ. ಮೊದಲು ಸಭಾಭವನ, ಅನಂತರ ಮಹಡಿಯ ಮೇಲೆ ಎಂಟು ಕೊಠಡಿಗಳು, ಕಂಪ್ಯೂಟರ್ ಪ್ರಯೋಗಾಲಯ, ಮಹಾದ್ವಾರ. ಎಲ್ಲಕ್ಕೂ ಕೊನೆಯಲ್ಲಿ, ಕಾಗದದಲ್ಲಿ ಸ್ಥಳ ಉಳಿದಿದ್ದರೆ, 'ಬಡ ಹಾಗೂ ಪ್ರತಿಭಾವಂತ ವಿದ್ಯಾರ್ಥಿಗಳಿಗೆ ನೆರವು' ಎಂದು ಒಂದು ಸಾಲು. (ಉಳ್ಳವರ ಮಕ್ಕಳು ಸಾಧಾರಣ ಬುದ್ಧಿಯವರಾದರೂ ಶಾಲೆಗೆ ಸಲ್ಲುತ್ತಾರೆ, ಬಡವರ ಮಕ್ಕಳು ಮಾತ್ರ ಪ್ರತಿಭಾವಂತರೇ ಆಗಿರಬೇಕೆಂಬ ಈ ಕಟ್ಟಳೆಯನ್ನು ಯಾರು ಮಾಡಿದರೋ ಕಾಣೆ!) ಈ ಪಟ್ಟಿಯನ್ನು ತಲೆಕೆಳಗು ಮಾಡಬೇಕೆಂಬುದೇ ನನ್ನ ವಾದ.

ಸರಕಾರಿ ಕಾಲೇಜಿನಲ್ಲಿ ಓದುವ ನಿನಗೆ ಖಾಸಗಿ ಶಾಲೆಗಳ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಪ್ರೌಢಶಾಲೆಯ ಮೂರು ವರ್ಷ ನಾನು ಅಂಥದೊಂದು ಶಾಲೆಯಲ್ಲಿ ಪರರ ಹಣದಿಂದ ಕಲಿತವಳು. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಹೊಸ್ತಿಲನ್ನು ತುಳಿದವಳು ನಾನೇ ಮೊದಲು. ಆದುದರಿಂದ ಈ ವಿಷಯದಲ್ಲಿ ಎರಡು ಮಾತನಾಡುವ ಅಧಿಕಾರ ನನಗಿದೆಯೆಂದು ಭಾವಿಸಿದ್ದೇನೆ.

ನಮ್ಮ ನಾಡಿನ ದೊಡ್ಡ ವಿದ್ಯಾಸಂಸ್ಥೆಗಳು ಕಟ್ಟಡದಿಂದ ಆರಂಭವಾದವುಗಳಲ್ಲ. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯನ್ನು 1916ರಲ್ಲಿ ಹುಟ್ಟುಹಾಕಿದವರು ಏಳು ಮಂದಿ ಶಿಕ್ಷಕರು. ಜನರು ಅವರನ್ನು ಸಪ್ತರ್ಷಿಗಳೆಂದು ಕರೆದುದು ಅವರ ತ್ಯಾಗವನ್ನು ಕಂಡು. ಅದಕ್ಕೂ ಹಿಂದೆ, 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗಾಗಿ ಬರೆದಿಟ್ಟಿದ್ದರು. ಅವರ ಹೆಸರಿನ ಕಾಲೇಜು ಬೆಳಗಾವಿಯಲ್ಲಿ ಎದ್ದುದು 1933ರಲ್ಲಿ. ವಿದ್ಯಾರ್ಥಿ ಮೊದಲು, ಕಲ್ಲು ಗಾರೆ ಆಮೇಲೆ. ಗಡಿಯಾಚೆಯ ಸಾತಾರೆಯಲ್ಲಿ ಕರ್ಮವೀರ ಭಾವೂರಾವ್ ಪಾಟೀಲರು 1924ರಲ್ಲಿ ತೆರೆದ ವಿದ್ಯಾರ್ಥಿನಿಲಯದ ಕಥೆಯಂತೂ ಇನ್ನೂ ಹೃದಯಂಗಮವಾದುದು. ಹುಡುಗರಿಗೆ ಕಾಳುಕಡ್ಡಿ ಇಲ್ಲದಾದಾಗ ಅವರ ಮಡದಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆಗಳನ್ನು, ಕಡೆಗೆ ಮಂಗಳಸೂತ್ರವನ್ನೂ ಬಿಚ್ಚಿಕೊಟ್ಟರು. ಅಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಈ ಕೊನೆಯ ಮಾತನ್ನು ನಾನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. ಏಕೆಂದರೆ ಆ ಕಾಲದ ವಿದ್ಯಾರ್ಥಿನಿಲಯಗಳೂ ವಿದ್ಯಾರ್ಥಿವೇತನಗಳೂ ಬಹುಮಟ್ಟಿಗೆ ಒಂದೊಂದು ಸಮಾಜದ ಮಕ್ಕಳಿಗೇ ಮೀಸಲಾಗಿದ್ದವು. ದೇಸಾಯಿಯಾಗಲಿ ಸಾಹುಕಾರನಾಗಲಿ ಹುಟ್ಟದ ಜಾತಿಯ ಹುಡುಗನಿಗೆ ಯಾವ ಉಯಿಲಿನಲ್ಲಿಯೂ ಪಾಲಿರಲಿಲ್ಲ. ಹಿರಿಯರ ಉಪಕಾರವನ್ನು ಸ್ಮರಿಸುವಾಗ ಈ ಕೊರತೆಯನ್ನು ಮರೆಮಾಚುವುದು ಸರಿಯಲ್ಲ.

ಇದೆಲ್ಲ ಹಳೆಯ ಕಾಲದ ಮಾತು, ಈಗ ಸರಕಾರವೇ ಎಲ್ಲವನ್ನೂ ನೋಡಿಕೊಳ್ಳುತ್ತದಲ್ಲ ಎನ್ನುವವರುಂಟು. ನೋಡಿಕೊಳ್ಳುತ್ತಿದ್ದುದು ನಿಜ. ಶಿಕ್ಷಣ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ, ಖಾಸಗಿ ಶಾಲೆಗಳು ತಮ್ಮ ಮೊದಲ ತರಗತಿಯಲ್ಲಿ ನೂರಕ್ಕೆ 25 ಸ್ಥಾನಗಳನ್ನು ಬಡ ಮಕ್ಕಳಿಗೆ ಕೊಡಬೇಕೆಂದು ವಿಧಿಸಿತು. ಆದರೆ 2019ರ ಪ್ರವೇಶದ ಹೊತ್ತಿಗೆ ನಮ್ಮ ರಾಜ್ಯದಲ್ಲಿ ನಿಯಮ ಬದಲಾಯಿತು. ನೆರೆಯಲ್ಲಿ ಸರಕಾರಿ ಶಾಲೆಯೋ ಅನುದಾನಿತ ಶಾಲೆಯೋ ಇದ್ದರೆ ಖಾಸಗಿ ಶಾಲೆಯ ಮೇಲೆ ಆ ಹೊಣೆಯಿಲ್ಲವೆಂದಾಯಿತು. ಸರಕಾರಿ ಶಾಲೆಗಳು ಬರಿದಾಗುತ್ತಿವೆಯೆಂಬ ಕಾರಣ ತಳ್ಳಿಹಾಕುವಂಥದಲ್ಲ; ನಾನೂ ಸರಕಾರಿ ಶಾಲೆಯಲ್ಲಿಯೇ ಅಕ್ಷರ ಕಲಿತವಳು. ಆದರೆ ಫಲವೇನಾಯಿತೆಂದರೆ, ಖಾಸಗಿ ಶಾಲೆಯ ಬಾಗಿಲು ಬಡ ಮಗುವಿಗೆ ತೆರೆಯುವುದೂ ಮುಚ್ಚುವುದೂ ಬಹುತೇಕ ಆಡಳಿತ ಮಂಡಳಿಯ ಮನಸ್ಸಿಗೆ ಬಿಟ್ಟ ವಿಷಯವಾಯಿತು. ವಿನಂತಿಪತ್ರದ ಆ ಕೊನೆಯ ಸಾಲಿನ ಬೆಲೆ ಅಂದಿನಿಂದ ಹೆಚ್ಚಿದೆ.

ಕಟ್ಟಡಕ್ಕೆ ಹಣ ಬೇಗ ಕೂಡುತ್ತದೆ. ಕೊಠಡಿಯ ಬಾಗಿಲ ಮೇಲೆ ಅಮೃತಶಿಲೆಯ ಫಲಕದಲ್ಲಿ ತಂದೆತಾಯಿಗಳ ಹೆಸರು ಕೆತ್ತಿಸಬಹುದು. ಮೂವತ್ತು ವರ್ಷದ ಮೇಲೂ ಮೊಮ್ಮಕ್ಕಳಿಗೆ ತೋರಿಸಬಹುದು. ವಿದ್ಯಾರ್ಥಿಯ ಬೆನ್ನಿಗೆ ಫಲಕ ಜಡಿಯಲಾಗುವುದಿಲ್ಲ. ಕಂಪನಿಗಳ ಕೊಡುಗೆಯೂ ಹೀಗೆಯೇ. 2013ರ ಕಾಯಿದೆಯಂತೆ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕು. ಆದರೆ 2021ರ ನಿಯಮಗಳ ಮೇಲೆ ಆ ಹಣವನ್ನು ಸಂಸ್ಥೆಯೊಂದರ ಶಾಶ್ವತ ಮೂಲಧನಕ್ಕೆ ಸೇರಿಸಿ ಲೆಕ್ಕ ತೋರಿಸುವಂತಿಲ್ಲ. ಆದ್ದರಿಂದ ಬಡ ವಿದ್ಯಾರ್ಥಿಗಳಿಗಾಗಿ ಕಾಯಂ ದತ್ತಿಯನ್ನು ಕಟ್ಟುವ ಭಾರ ಹಳೆಯ ವಿದ್ಯಾರ್ಥಿಗಳ ಮೇಲೆಯೂ ಊರಿನ ದಾನಿಗಳ ಮೇಲೆಯೂ ಬೀಳುತ್ತದೆ.

ದತ್ತಿಯೆಂದೊಡನೆ ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾದ ನನಗೆ ಒಂದು ಲೆಕ್ಕ ಹೇಳದೆ ತೀರದು. ಐದು ಲಕ್ಷ ರೂಪಾಯಿಯನ್ನು ನೂರಕ್ಕೆ ಏಳರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 35,000 ಬರುತ್ತದೆ. ಅಷ್ಟನ್ನೂ ಹಂಚಿಬಿಟ್ಟರೆ ಮೂಲಧನ ಅಷ್ಟೇ ಉಳಿಯುತ್ತದೆ, ಶುಲ್ಕ ಮಾತ್ರ ವರ್ಷವರ್ಷವೂ ಏರುತ್ತದೆ. ಇಂದು ಇಬ್ಬರಿಗೆ ಸಾಲುವ ಹಣ ಇಪ್ಪತ್ತು ವರ್ಷದ ಮೇಲೆ ಒಬ್ಬರ ಪುಸ್ತಕಕ್ಕೂ ಸಾಲದು. ಹಿಂದಿನ ಪುಣ್ಯಾತ್ಮರು ನೂರು ಇನ್ನೂರು ರೂಪಾಯಿ ಇಟ್ಟು ಸ್ಥಾಪಿಸಿದ ದತ್ತಿ ಬಹುಮಾನಗಳ ಬಡ್ಡಿಯಲ್ಲಿ ಇಂದು ಒಂದು ಒಳ್ಳೆಯ ಲೇಖನಿಯೂ ಬರುವುದಿಲ್ಲ. ಬಡ್ಡಿಯಲ್ಲಿ ಹತ್ತು ಸಾವಿರವನ್ನಾದರೂ ಮೂಲಧನಕ್ಕೆ ಮರಳಿ ಸೇರಿಸಿ, ಇಪ್ಪತ್ತೈದು ಸಾವಿರವನ್ನು ಮಾತ್ರ ಕೊಡತಕ್ಕದ್ದು. ಈಗ ಕಡಿಮೆ ಕಂಡರೂ ಇದು ಬಾಳುವ ದಾರಿ.

ಕೊಠಡಿಗಳಿಲ್ಲದೆ ಶಾಲೆ ನಡೆದೀತೇ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಕೊಠಡಿ ಬೇಕು, ಕಟ್ಟಿರಿ. ಮಹಾದ್ವಾರ ಹತ್ತು ವರ್ಷ ತಡೆಯಬಹುದು. ಎಂಟನೆಯ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗಿ ಹತ್ತು ವರ್ಷ ತಡೆದು ಒಂಬತ್ತನೆಯದಕ್ಕೆ ಬರುವುದಿಲ್ಲ.

ಇನ್ನು, ಕೊಡುವ ರೀತಿ. ನಾನು ಕಲಿತ ಶಾಲೆಯಲ್ಲಿ ಸ್ನೇಹಸಮ್ಮೇಳನದ ದಿನ, ನೃತ್ಯಗಳ ನಡುವೆ, ನೆರವು ಪಡೆಯುವವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುತ್ತಿದ್ದರು. ಅತಿಥಿಗಳ ಎಡಬಲಕ್ಕೆ ಸಾಲಾಗಿ ನಿಲ್ಲಬೇಕು. ಲಕೋಟೆಯನ್ನು ಎದೆಯ ಮಟ್ಟಕ್ಕೆ ಹಿಡಿಯಬೇಕು. ಚಿತ್ರ ತೆಗೆಯುವವನು ನಗಿರೆಂದಾಗ ನಗಬೇಕು. ಮಾರನೆಯ ದಿನ ಚಿತ್ರ ಪತ್ರಿಕೆಯಲ್ಲಿ ಬಂತು. 'ಕಡುಬಡವ ವಿದ್ಯಾರ್ಥಿಗಳಿಗೆ' ಎಂದು ಕೆಳಗೆ ಅಚ್ಚಾಗಿತ್ತು. ಓಣಿಯಲ್ಲಿ ಯಾರೋ ಓದಿ ಹೇಳಿದುದನ್ನು ಕೇಳಿ ಅವ್ವ ಅಂದಳು: "ಅವರು ಕೊಟ್ಟಿದ್ದು ಬರಕೊಳ್ಳಲಿ, ಬ್ಯಾಡ ಅನ್ನೂದಿಲ್ಲ. ನಾವು ಇಸಗೊಂಡಿದ್ದು ಯಾಕ ಬರೀಬೇಕು?" ಅಕ್ಷರ ಬಾರದ ನನ್ನ ಅವ್ವನ ಈ ಪ್ರಶ್ನೆಗೆ ಸಮರ್ಪಕವಾದ ಉತ್ತರವನ್ನು ಇಲ್ಲಿಯವರೆಗೆ ಯಾವ ಆಡಳಿತ ಮಂಡಳಿಯವರಿಂದಲೂ ನಾನು ಕೇಳಿಲ್ಲ. ಮುಂದಿನ ವರ್ಷ ನನ್ನ ಜೊತೆಗಾತಿಯೊಬ್ಬಳು ಅರ್ಜಿಯನ್ನೇ ಹಾಕಲಿಲ್ಲ.

ದಾನಿಗಳಿಗೆ ಲೆಕ್ಕ ಬೇಕು, ನಿಜ. ಎಷ್ಟು ಹಣ ಬಂತು, ಎಷ್ಟು ಮಕ್ಕಳಿಗೆ ಹೋಯಿತು, ಅವರಲ್ಲಿ ಎಷ್ಟು ಮಂದಿ ಹತ್ತನೆಯ ತರಗತಿ ಮುಗಿಸಿದರು ಎಂಬುದನ್ನು ವಾರ್ಷಿಕ ವರದಿಯಲ್ಲಿ ಅಚ್ಚು ಮಾಡಿಸಲಿ. ಹೆಸರುಗಳು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಇದ್ದರೆ ಸಾಕು. ಅರ್ಜಿಯನ್ನು ಆಡಳಿತ ಮಂಡಳಿಯವರ ಜೊತೆಗೆ ತರಗತಿಯ ಗುರುಗಳೂ ನೋಡಲಿ. ಯಾರ ಬುತ್ತಿಯಲ್ಲಿ ಏನಿದೆಯೆಂಬುದು ಅವರಿಗೆ ಗೊತ್ತು. ಶುಲ್ಕದ ಮಾಫಿಯೊಂದೇ ಸಾಲದು. ಬಸ್ಸಿನ ಪಾಸು, ಸಮವಸ್ತ್ರ, ಬೂಟು ಇವುಗಳಿಗೂ ಅದರಲ್ಲಿ ಪಾಲಿರಬೇಕು.

ಮತ್ತೊಂದು ಸಂಗತಿಯನ್ನು ಯೋಜನೆ ಹಾಕುವ ಮಹನೀಯರು ಗಮನಿಸಿದಂತಿಲ್ಲ. ಶಾಲೆ ತೆರೆಯುವುದು, ಶುಲ್ಕ ಕೇಳುವುದು ಜೂನ್ ತಿಂಗಳ ಆಚೀಚೆ; ಒಕ್ಕಲುತನದವರು ಬೀಜ ಗೊಬ್ಬರಕ್ಕೆಂದು ಕೈಯಲ್ಲಿದ್ದುದನ್ನೆಲ್ಲ ಸುರಿಯುವುದೂ ಆಗಲೇ. ನೆರವಿನ ಲಕೋಟೆ ಕೈಗೆ ಬರುವುದು ಡಿಸೆಂಬರಿನ ಸಮ್ಮೇಳನದಲ್ಲಿ. ಆ ಆರು ತಿಂಗಳ ಮಟ್ಟಿಗೆ ನನ್ನ ಅಪ್ಪ ನೂರಕ್ಕೆ ತಿಂಗಳಿಗೆ ಮೂರರಂತೆ ಬಡ್ಡಿಗೆ ಸಾಲ ತಂದು ಒಂಬತ್ತು ಸಾವಿರ ಕಟ್ಟಿದ್ದ. ಲಕೋಟೆಯ ಹಣದಲ್ಲಿ 1,620 ರೂಪಾಯಿ ಸಾಹುಕಾರನ ಬಡ್ಡಿಗೇ ಹೋಯಿತು. ಹಣವನ್ನು ಮೇ ತಿಂಗಳಲ್ಲಿಯೇ ಶಾಲೆಯ ಲೆಕ್ಕಕ್ಕೆ ಜಮಾ ಮಾಡಿ, ರಸೀದಿಯನ್ನು ಪಾಲಕರ ಕೈಗೆ ಕೊಟ್ಟು ಕಳಿಸುವುದಕ್ಕೆ ಯಾವ ಸಭಾಭವನವೂ ಬೇಕಾಗಿಲ್ಲ.