ಎಂಟು ವ್ಯಾಗನ್‌ಗಳ ಯಾರ್ಡ್
ಪ್ರದರ್ಶನಕ್ಕೆ ಮಾದರಿ ರೈಲು ಕಟ್ಟಬೇಕೆನ್ನುವವರು ಜಾಗವಿಲ್ಲವೆಂದು ಕೈಚೆಲ್ಲಬೇಕಿಲ್ಲ. ಇಂಗ್ಲೆಂಡಿನ ಅಲನ್ ರೈಟ್ ರೂಪಿಸಿದ 'ಇಂಗಲ್‌ನೂಕ್ ಸೈಡಿಂಗ್ಸ್' ನೋಡಿ: ಹಳಿ ಕವಲೊಡೆಯುವ ಪಾಯಿಂಟ್ ಎರಡೇ, ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ, ಅಂದರೆ ಸೈಡಿಂಗ್, ಮೂರು. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತವೆ, ಉಳಿದೆರಡರಲ್ಲಿ ಮೂರು ಮೂರು; ಎಂಜಿನ್ ಹಿಂದೆ ಸರಿಯುವ ಹಳಿಯಲ್ಲೂ ಅದರ ಜೊತೆ ಮೂರಕ್ಕಷ್ಟೇ ಎಡೆ. ಎಂಟು ವ್ಯಾಗನ್‌ಗಳಲ್ಲಿ ಐದನ್ನು ಚೀಟಿ ಎತ್ತಿ ಆರಿಸಿ, ಅದೇ ಕ್ರಮದಲ್ಲಿ ಜೋಡಿಸಬೇಕು. 6,720 ಬಗೆಯ ಸಾಲುಗಳು ಸಾಧ್ಯ! ಬರೀ ಸುತ್ತು ಹೊಡೆಯುವ ರೈಲನ್ನು ಮಕ್ಕಳು ಬೇಗ ಬಿಟ್ಟು ಹೋಗುತ್ತಾರೆ. ಇಲ್ಲಿ ಮುಂದಿನದು ಯಾವ ವ್ಯಾಗನ್ ಎಂದು ಕಣ್ಣು ಕೀಲಿಸಿ ನಿಲ್ಲುತ್ತಾರೆ. ಹಾಗಾಗಿ ಗುಡ್ಡ, ಮರ, ಗೋದಾಮುಗಳಿಗಿಂತ ಮೊದಲು ಹಳಿಯೇ ಸರಿಯಾಗಬೇಕು ಎಂಬುದು ನನ್ನ ಹಟ. ಮಾದರಿಯ ತಳದ ಎರಡು ಹಲಗೆ ಕೂಡುವಲ್ಲಿ ಹಳಿಯ ತುದಿ ಕೂದಲೆಳೆಯಷ್ಟು ಸರಿದರೂ ಗಾಲಿ ಕೆಳಗಿಳಿಯುತ್ತದೆ. ಅಲ್ಲಿ ಹಿತ್ತಾಳೆ ಸ್ಕ್ರೂ ಕೂರಿಸಿ, ಹಳಿಯನ್ನು ಅದರ ತಲೆಗೇ ಬೆಸುಗೆ ಹಾಕಿ.